ಹಳೆ ಕೊಟ್ಟಿಗೆಯ ಎಮ್ಮೆ

"ನಮ್ಮ ನಾಗವೇಣಿ ಕದ್ದಿಲ್ಲ, ತಂಗಿ. ಆದ್ರ ನಮ್ಮ ಮನ್ಯಾಗಿನ ವೈಫೈ ಡಬ್ಬಿ ಆಕೀನೇ ಕದ್ದಾಳ ಅಂತ ಸಾಕ್ಷಿ ಹೇಳ್ಲಿಕ್ಕತ್ತದ."

ಮಾನ್ವಿಯಿಂದ ಮೊದಲ ಬಸ್ಸು ಹಿಡಿದು ಕಲ್ಯಾಣಿಯ ಕಚೇರಿಗೆ ಬಂದಿದ್ದ ಜಯಾಬಾಯಿ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಹೀಗೆಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ ಗುಲಾಮ್ ದಸ್ತಗೀರ್ ಬಸಿಯನ್ನು ಕೆಳಗಿಟ್ಟರು. ಅವರು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಅವರ ಕಾಲದ ಕಳ್ಳರು ಗೋಡೆ ಹಾರುತ್ತಿದ್ದರು, ಹೆಜ್ಜೆ ಗುರುತು ಬಿಡುತ್ತಿದ್ದರು, ಎರಡು ಸಲ ಗದರಿದರೆ ಎಲ್ಲ ಒಪ್ಪಿಕೊಳ್ಳುತ್ತಿದ್ದರು. ಡಬ್ಬಿ ಸಾಕ್ಷಿ ಹೇಳುವ ಕಾಲ ಬಂದೀತೆಂದು ಯಾರು ಎಣಿಸಿದ್ದರು?

ಅದಕ್ಕೇ ಅವರು ನಿವೃತ್ತಿಯ ಮೇಲೆ ಕಲ್ಯಾಣಿಯ ಜೊತೆ ಸೇರಿದ್ದು. ಕಲ್ಯಾಣಿ ಶಕ್ತಿನಗರದಲ್ಲಿ ಕೆಲವು ವರ್ಷ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದು, ಈಗ ರಾಯಚೂರಿನ ತೀನ್ ಕಂದೀಲ್ ಹತ್ತಿರ ಮಹಡಿಯ ಮೇಲೆ ಸ್ವಂತ ಕಚೇರಿ ಇಟ್ಟುಕೊಂಡ ಹುಡುಗಿ. ಹುಡುಗಿ ಅನ್ನುವುದು ದಸ್ತಗೀರರ ಲೆಕ್ಕ, ಉಳಿದವರಿಗೆ ಮೇಡಂ. ಬೋರ್ಡಿನ ಮೇಲೆ 'ನೆಟ್‌ವರ್ಕ್ ಕೆಲಸ ಮಾಡಿಕೊಡಲಾಗುವುದು' ಎಂದಷ್ಟೇ ಇತ್ತು. ಆದರೂ ಪೊಲೀಸರು ತಲೆ ಕೆರೆದುಕೊಂಡ ಗಂಟುಗಳೆಲ್ಲ ಆ ಮೆಟ್ಟಿಲು ಹತ್ತಿ ಬರುತ್ತಿದ್ದವು. ಇಂಥ ತಲೆಯೊಂದು ತನ್ನ ಠಾಣೆಯಲ್ಲಿ ಇದ್ದಿದ್ದರೆ ತನಗೆ ಎಷ್ಟು ಮೆಡಲು ಸಿಗುತ್ತಿತ್ತೋ ಎಂದು ದಸ್ತಗೀರ್ ಆಗಾಗ ಹಲುಬುತ್ತಿದ್ದರು.

"ಅಳಬ್ಯಾಡ್ರಿ ಬಾಯಾರ. ಮೊದಲಿಂದ ಹೇಳ್ರಿ," ಎಂದಳು ಕಲ್ಯಾಣಿ.

ಜಯಾಬಾಯಿ ಹೇಳಿದರು. ಕಳುವಾದದ್ದು ಅವರ ಮಾವನವರ ತಂಬೂರಿ. ಆ ಮನೆಯ ನಡುಮನೆ ಬಿಟ್ಟು ಅದು ಎಂದೂ ಹೊಸ್ತಿಲು ದಾಟಿದ್ದಿಲ್ಲ. ಗುರುವಾರ ಮನೆಮಂದಿಯೆಲ್ಲ ಮಂತ್ರಾಲಯಕ್ಕೆ ಹೋಗುವುದು ರೂಢಿ. ನಿನ್ನೆಯೂ ಹೋಗಿದ್ದರು. ಸಂಜೆ ಬಂದು ನೋಡಿದರೆ ಕೀಲಿ ಹಾಕಿದ್ದು ಹಾಕಿದಂತೆಯೇ ಇದೆ, ತಂಬೂರಿ ಮಾತ್ರ ಇಲ್ಲ. ಮನೆಯ ಕೀಲಿಕೈ ತುಳಸಿಕಟ್ಟೆಯ ಹಿಂದೆ ಇರುತ್ತದೆಂಬುದು ಹೊರಗಿನವರಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ, ನಾಗವೇಣಿಗೆ. ಗಬ್ಬೂರಿನ ಕೂಲಿಯವರ ಮಗಳು ಆಕೆ. ಸಣ್ಣವಳಿದ್ದಾಗಿನಿಂದ ಜಯಾಬಾಯಿಯ ಬಳಿ ಹಾಡು ಕಲಿಯುತ್ತಿದ್ದಳು. ಈ ಭಾನುವಾರ ಸಂಜೆ ರಾಯಚೂರಿನಲ್ಲಿ ಆಕೆಯ ಮೊದಲ ಸಂಗೀತ ಕಛೇರಿ.

"ನನ್ನ ಮಗ ಗುರುಪ್ರಸನ್ನ ಮೊಬೈಲಿನ್ಯಾಗ ಮನಿ ವೈಫೈ ತೆಗೆದು ನೋಡಿದ. ಗುರುವಾರ ಮಧ್ಯಾಹ್ನ 'ನಾಗವೇಣಿ' ಅನ್ನೋ ಫೋನ್ ನಮ್ಮ ಮನ್ಯಾಗ ಬಂದು ಕೂಡ್ಯದ. ಭಾನುವಾರದೊಳಗ ತಂಬೂರಿ ಬರ್ಲಿಲ್ಲಂದ್ರ ಠಾಣಾಕ್ಕ ಹೋಗ್ತೀನಿ ಅಂತಾನ." ಅವರ ದನಿ ಬಿದ್ದುಹೋಯಿತು. "ಕಳ್ಳಿ ಅಂತ ಒಂದ್ಸಲ ಹೆಸರು ಬಂದ್ರ ಆ ಪೋರಿ ಇನ್ನ ಹಾಡೂದಿಲ್ಲ, ತಂಗಿ. ಬಾಯೇ ತೆಗ್ಯೂದಿಲ್ಲ. ನಾ ಆಕೀನ ಬಲ್ಲೆ."

"ತಂಬೂರಿ ಮ್ಯಾಲೆ ಯಾರ ಕಣ್ಣರ ಇತ್ತೇನ್ರಿ?"

"ಕಣ್ಣು ಅಂದ್ರ... ತಂತಿ ಬಿಗೀಲಿಕ್ಕೆ ಅಮರೇಶ ಬರ್ತಾನ, ಮಾನ್ವಿಯಾಂವ. ಅದರ ಬೆಲೆ ಅವಗ ಗೊತ್ತು. ಮತ್ತ ಶಿವರಾಜ ಅಂತ, ನಾಗವೇಣಿ ಕಛೇರಿಗೆ ಮೈಕು ಹಾಕಾಂವ, ರಾಯಚೂರಿನ್ಯಾಗ ಇರ್ತಾನ. ಹೋದ ತಿಂಗಳು ಫೋನ್ ಮಾಡಿ ತಂಬೂರಿ ಕೊಡ್ತೀರೇನು ಅಂತ ಕೇಳಿದ. ಆಗೂದಿಲ್ಲಪಾ ಅಂದೆ."

ಅಂದೇ ಮಧ್ಯಾಹ್ನ ಕಲ್ಯಾಣಿ, ದಸ್ತಗೀರ್ ಇಬ್ಬರೂ ಜಯಾಬಾಯಿಯ ಜೊತೆ ಮಾನ್ವಿಗೆ ಹೋದರು. ಗುರುಪ್ರಸನ್ನ ಬಾಗಿಲಲ್ಲೇ ನಿಂತಿದ್ದ. "ಯಂತ್ರ ಸುಳ್ಳು ಹೇಳ್ತದೇನ್ರಿ ಮೇಡಂ? ಅವ್ವನ ಕರುಳು ಬ್ಯಾರೆ, ಸತ್ಯ ಬ್ಯಾರೆ," ಎಂದ.

"ಯಂತ್ರ ಸುಳ್ಳು ಹೇಳೂದಿಲ್ಲ," ಎಂದಳು ಕಲ್ಯಾಣಿ. "ಕೇಳಿದ್ದಕ್ಕಷ್ಟೇ ಉತ್ತರ ಕೊಡ್ತದ. ನೀವು ಎಷ್ಟು ಕೇಳಿದಿರಿ, ನೋಡೂಣು."

ಗೋಡೆಗೆ ನೇತುಬಿದ್ದ ಆ ಡಬ್ಬಿಯ, ಅಂದರೆ ರೂಟರಿನ, ಹಸಿರು ದೀಪ ಮಿಣುಕುತ್ತಿತ್ತು. ದಸ್ತಗೀರ್ ಅದನ್ನು ಹಳೆಯ ಕೇಡಿಯನ್ನು ನೋಡುವಂತೆ ದುರುಗುಟ್ಟಿ ನೋಡಿದರು.

"ಹೆದರಬ್ಯಾಡ್ರಿ ಚಾಚಾ, ಇಂವ ಮನಿಯ ಪೋಸ್ಟ್‌ಮನ್," ಎಂದು ಕಲ್ಯಾಣಿ ನಕ್ಕಳು. "ಫೋನು, ಟಿ.ವಿ., ಕಂಪ್ಯೂಟರ್ ಎಲ್ಲಾ ತಮ್ಮ ಮಾತನ್ನ ಸಣ್ಣ ಸಣ್ಣ ಪಾಕೀಟು ಮಾಡಿ ಇವನ ಕೈಗೆ ಕೊಡ್ತಾವ. ಹೊರಗಿಂದ ಬಂದ ಪಾಕೀಟನ್ನ ಇಂವ ಮನಿಯೊಳಗ ಹಂಚ್ತಾನ. ಯಾರದು ಯಾರಿಗೆ ಅಂತ ತಿಳೀಬೇಕಲ್ಲ? ಅದಕ್ಕ ಒಳಗ ಬಂದವರಿಗೆಲ್ಲ ಒಂದೊಂದು ನಂಬರ್ ಕೊಡ್ತಾನ. ಅದು ಲಾಡ್ಜಿನ ರೂಮ್ ನಂಬರ್ ಇದ್ದಂಗ. ಇವತ್ತು ನಿಮ್ದು, ನಾಳೆ ಮತ್ತೊಬ್ಬರದು."

"ಮತ್ತ ಹೆಸರು?"

"ಹೆಸರು ನಾವು ಇಟ್ಟದ್ದು. ಸಂತ್ಯಾಗ ನಿಂತು ಯಂಕೋಬಾ ಅಂತ ಕೂಗ್ರಿ, ಹತ್ತು ತಲಿ ತಿರುಗ್ತಾವ. ಅದಕ್ಕ ಈ ಪೋಸ್ಟ್‌ಮನ್ ಹೆಸರು ನಂಬೂದಿಲ್ಲ. ಒಂದೊಂದು ಫೋನಿಗೂ ಒಂದೊಂದು ಗುರುತಿನ ಸಂಖ್ಯೆ ಇರ್ತದ, ಅದನ್ನ ನೋಡ್ತಾನ."

ಆಕೆ ಲ್ಯಾಪ್‌ಟಾಪಿನಲ್ಲಿ ರೂಟರನ್ನು ತೆರೆದು ಒಂದೊಂದೇ ಸಾಲು ನೋಡತೊಡಗಿದಳು. ಬೆರಳು ಒಂದು ಕಡೆ ನಿಂತಿತು. ನಾಗವೇಣಿ ಎಂಬ ಹೆಸರು ಎರಡು ಕಡೆ ಇತ್ತು. ಕೆಳಗಿನ ಗುರುತಿನ ಸಂಖ್ಯೆಗಳು ಬೇರೆ ಬೇರೆ. ಒಂದು ಫೋನು ಯುಗಾದಿಯ ಈಚೆಗೆ ಪಾಠದ ದಿನಗಳಲ್ಲಿ ತಪ್ಪದೆ ಬಂದಿತ್ತು. ಇನ್ನೊಂದು ಯುಗಾದಿಯವರೆಗೆ ಬಂದು ನಿಂತುಬಿಟ್ಟಿತ್ತು. ಆಮೇಲೆ ಒಮ್ಮೆ ಮಾತ್ರ ಬಂದಿತ್ತು, ಗುರುವಾರ ಮಧ್ಯಾಹ್ನ.

ದಸ್ತಗೀರರ ಮೀಸೆ ತಾನಾಗಿಯೇ ಮೇಲೆದ್ದಿತು. "ಅರೆ ವ್ಹಾ ಬೇಟಿ! ಆಕೀದು ಹಳೆ ಫೋನು!"

"ಸುಮ್ನಿರ್ರಿ ಚಾಚಾ, ಗ್ವಾಡಿಗೆ ಕಿವಿ ಇರ್ತಾವ," ಎಂದು ಕಲ್ಯಾಣಿ ಲ್ಯಾಪ್‌ಟಾಪ್ ಮುಚ್ಚಿದಳು. ಗುರುಪ್ರಸನ್ನನಿಗೆ ಏನೂ ಹೇಳಲಿಲ್ಲ.

ಮರುದಿನ ಗಬ್ಬೂರಿನಲ್ಲಿ ನಾಗವೇಣಿ ಸಿಕ್ಕಳು. ಅತ್ತು ಅತ್ತು ಆಕೆಯ ದನಿ ಒಡೆದಿತ್ತು.

"ಹಳೆ ಫೋನು ದೇವದುರ್ಗದಾಗ ಪೀರಾ ಸಾಬರ ಅಂಗಡಿಗೆ ಕೊಟ್ಟೇನ್ರಿ ಮೇಡಂ, ಯುಗಾದಿ ಹೊತ್ತಿಗೆ," ಎಂದಳು. "ಹೊಸಾದಕ್ಕೂ ನನ್ನ ಹೆಸರ ಇಟ್ಟೀನ್ರಿ."

"ಹಳೇದ್ರಾಗ ಏನಿತ್ತು?"

"ಪಾಠರಿ. ಬಾಯಾರು ಹೇಳಿಕೊಡೋದು, ತಂಬೂರಿ ಬಾರ್ಸೋದು ಎಲ್ಲಾ ರೆಕಾರ್ಡ್ ಮಾಡಿ ತುಂಬ್ಕೊಂಡಿದ್ನಿ."

ಕಲ್ಯಾಣಿ ಆಕೆಯ ಈಗಿನ ಫೋನನ್ನು ಬಂದ್ ಮಾಡಿಸಿ ದಸ್ತಗೀರರ ಕೈಗೆ ಕೊಟ್ಟಳು. "ಚಾಚಾ, ಜೇಬಿನಾಗ ಇಟ್ಕೊಳ್ರಿ, ನಾ ಹೇಳೂತನ ತೆಗೀಬ್ಯಾಡ್ರಿ. ನಾಗವೇಣಿ, ನಾಳೆ ಮಾನ್ವಿಗೆ ಮಧ್ಯಾಹ್ನದ ಬಸ್ಸಿಗೇ ಬಾ, ಅದಕ್ಕೂ ಮೊದಲು ಬರಬ್ಯಾಡ." ದಸ್ತಗೀರ್ ಫೋನನ್ನು ಒಳಜೇಬಿಗೆ ಸೇರಿಸಿದರು. ಯಾಕೆಂದು ಕೇಳಿದರೂ ಆಕೆ ಹೇಳುವವಳಲ್ಲ ಎಂದು ಅವರಿಗೆ ಗೊತ್ತಿತ್ತು.

ದೇವದುರ್ಗದಲ್ಲಿ ಅಂದು ಸಂತೆ. ಪೀರಾ ಸಾಬ್ ಹಳೆ ಫೋನುಗಳ ರಾಶಿಯ ಹಿಂದೆ ಕೂತು ಒಬ್ಬ ಗಿರಾಕಿಯ ಫೋನಿಗೆ ಭಜನೆಪದ ತುಂಬಿಸಿಕೊಡುತ್ತಿದ್ದರು. "ಆ ಫೋನೇನ್ರಿ? ನಾನು ಎಲ್ಲಾ ಅಳಿಸಿ ಕೊಡ್ತೀನಿ ಅಂದೆ. ಕೊಳ್ಳಾಂವ ಬ್ಯಾಡಂದ. ಕಿವಿಗೆ ಹಚ್ಚಿ ಕೇಳಿದ, ಅದರಾಗಿನ ಹಾಡು ಹಂಗೇ ಇರ್ಲಿ ಅಂದ. ಹಂಗೇ ಕೊಟ್ಟೆ. ಸಂತಿ ಗದ್ದಲದಾಗ ಮಾರಿ ಯಾರು ನೆನಪಿಟ್ಟಾರು?"

ರಾಯಚೂರಿಗೆ ಮರಳಿ ಶಿವರಾಜನ ಮೈಕಿನ ಅಂಗಡಿಗೆ ಹೋದರು. ಗುಡ್ಡದಂತೆ ಪೇರಿಸಿಟ್ಟ ಸ್ಪೀಕರ್ ಪೆಟ್ಟಿಗೆಗಳ ನಡುವೆ ಆತ ಕೈಮುಗಿದು ಎದ್ದು ನಿಂತು ಕಳುವಿನ ಸುದ್ದಿ ಕೇಳಿಸಿಕೊಂಡ.

"ಛೇ ಛೇ, ಎಂಥಾ ಅನ್ಯಾಯ! ಅಂಥಾ ತಂಬೂರಿ ಈಗ ಎಲ್ಲಿ ಸಿಗ್ತದ್ರಿ? ಮಂದ್ರದ ತಂತಿ ಮೀಟಿದ್ರ ನಿಲ್ಲಾಕ ಮನಸಿಲ್ಲದಂಗ ಕಡೀಗೆ ಚೂರು ನಡುಗಿ ನಿಲ್ತದ. ನಾನು ಗುರುವಾರ ಇಲ್ಲೇ ಅಂಗಡ್ಯಾಗ ಇದ್ದೆ. ಆ ಮನಿ ಹೊಸ್ತಿಲಾ ಸೈತ ನೋಡಿಲ್ಲ ನೋಡ್ರಿ."

"ನಾಳೆ ನೋಡೀರಂತ, ಬರ್ರಿ," ಎಂದಳು ಕಲ್ಯಾಣಿ. "ಕಛೇರಿ ಮಾಡೋದೋ ಬಿಡೋದೋ ಅಂತ ಬಾಯಾರು ಎಲ್ಲಾರ್ನೂ ಕರಸ್ಯಾರ."

ಭಾನುವಾರ ಬೆಳಿಗ್ಗೆ ಜಯಾಬಾಯಿಯ ನಡುಮನೆಯಲ್ಲಿ ಎಲ್ಲರೂ ಕೂಡಿದರು. ತಂಬೂರಿ ಇರುತ್ತಿದ್ದ ಮೂಲೆ ಬರಿದಾಗಿತ್ತು. ತಂತಿ ಬಿಗಿಯುವ ಅಮರೇಶ ಆ ಕಡೆ ನೋಡಲಾರದೆ ತಲೆ ತಗ್ಗಿಸಿ ಕೂತಿದ್ದ. ಶಿವರಾಜ ಚಪ್ಪಲಿ ಕಳೆದು ಒಳಬಂದು, ಹೊಸ ಮನೆ ನೋಡುವವನಂತೆ ಸುತ್ತ ಕಣ್ಣಾಡಿಸಿ ಚಾಪೆಯ ಮೇಲೆ ಕೂತ.

"ಗುರುಪ್ರಸನ್ನ, ನಿಮ್ಮ ಮೊಬೈಲಿನ್ಯಾಗ ಈಗ ಮನಿಗೆ ಯಾರ್ಯಾರು ಕೂಡ್ಯಾರ, ಓದ್ರಿ," ಎಂದಳು ಕಲ್ಯಾಣಿ.

ಆತ ಓದಿದ. ತನ್ನದು, ಅವ್ವನದು, ಟಿ.ವಿ. ಆಮೇಲೆ ಸಿಡಿಮಿಡಿಗೊಂಡು ತಲೆ ಎತ್ತಿದ. "ನಾಗವೇಣಿ! ಬಂದಾಳ ನೋಡ್ರಿ. ಹೊರಗ ನಿಂತಿರಬೇಕು, ಒಳಗ ಬರ್ಲಿಕ್ಕೆ ಮಾರಿ ಇಲ್ಲ." ದಡಬಡಿಸಿ ಎದ್ದು ಬಾಗಿಲಿಗೆ ಹೋದ. ಅಂಗಳ ನೋಡಿದ, ಬೀದಿ ನೋಡಿದ, ಮರಳಿ ಬಂದ. "ಯಾರೂ ಇಲ್ಲ," ಎಂದ. ಅವನ ದನಿಯಲ್ಲಿ ಮೊದಲಿನ ಸೊಕ್ಕು ಉಳಿದಿರಲಿಲ್ಲ.

"ಚಾಚಾ, ಈಗ ತೆಗೀರಿ."

ದಸ್ತಗೀರ್ ಒಳಜೇಬಿನಿಂದ ಫೋನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಇಡೀ ನೌಕರಿಯಲ್ಲಿ ಇಷ್ಟು ಸೊಗಸಾಗಿ ಸಾಕ್ಷಿ ಹಾಜರುಪಡಿಸಿದ್ದು ಅವರಿಗೆ ನೆನಪಿರಲಿಲ್ಲ. "ನಾಗವೇಣಿ ಫೋನು ನಿನ್ನಿಯಿಂದ ನನ್ನ ಹತ್ರ ಅದ. ಬಂದ್ ಅದ. ನಾಗವೇಣಿ ಬರೂದು ಮಧ್ಯಾಹ್ನದ ಬಸ್ಸಿಗೆ."

"ಹಂಗಾದ್ರ ಈ ಮನ್ಯಾಗ ಬಂದಿರೋ ನಾಗವೇಣಿ ಯಾರು?" ಎಂದ ಗುರುಪ್ರಸನ್ನ.

"ಎಮ್ಮಿ," ಎಂದಳು ಕಲ್ಯಾಣಿ. ಎಲ್ಲರೂ ಮಿಕಮಿಕ ನೋಡಿದರು. "ಎಮ್ಮಿ ಮಾರಿದ ಮನ್ಯಾಗ ಏನಾಗ್ತದ ಗೊತ್ತಲ್ಲ? ಹಗ್ಗ ಬಿಚ್ಚಿದ್ರ ಸಾಕು, ಹೊಸಾ ಮಾಲಕನ್ನ ಕೇಳೂದಿಲ್ಲ, ಸೀದಾ ಹಳೆ ಕೊಟ್ಟಿಗಿಗೆ ಬಂದು ನಿಲ್ತದ. ಫೋನೂ ಅಷ್ಟೇ. ಒಂದ್ಸಲ ಒಂದು ಮನಿ ವೈಫೈ ಗುರುತು, ಪಾಸ್‌ವರ್ಡು ತಲಿಯಾಗ ಹೊಕ್ತು ಅಂದ್ರ ಮುಗೀತು. ಆ ಮನಿ ಹತ್ರ ಬಂದ ಕೂಡಲೇ 'ನಾನು ಬಂದೀನಿ' ಅನ್ನತದ. ರೂಟರ್ 'ಬಾ' ಅನ್ನತದ. ಜೇಬಿನಾಗ ಇಟ್ಕೊಂಡಾಂವಗ ಸುದ್ದಿನೇ ಇರೂದಿಲ್ಲ. ಎಲ್ಲಾರೂ ಫೋನ್ ಹೊರಗ ಇಡ್ರಿ."

ಅಮರೇಶ ಮೊದಲು ಇಟ್ಟ. ಅದು ಗುಂಡಿ ಒತ್ತುವ ಸಣ್ಣ ಫೋನು. "ಇದಕ್ಕ ವೈಫೈ ಗಂಧ ಗಾಳೀನೂ ಗೊತ್ತಿಲ್ರಿ," ಎಂದ. ಶಿವರಾಜನ ಕೈ ಜೇಬಿನ ಬಳಿ ಹೋಗಿ ಅಲ್ಲೇ ನಿಂತಿತು. ದಸ್ತಗೀರ್ ಆತನ ಪಕ್ಕಕ್ಕೆ ಸರಿದು ಕೂತರು, ಅಷ್ಟೇ. ಫೋನು ಚಾಪೆಯ ಮೇಲೆ ಬಂತು. ಪರದೆಯ ಮೇಲ್ತುದಿಯಲ್ಲಿ ವೈಫೈ ಗುರುತು ತುಂಬಿಕೊಂಡಿತ್ತು.

"ಈ ಮನಿಗೆ ಮೊದಲ್ನೇ ಸಲ ಬಂದೀರಿ. ಪಾಸ್‌ವರ್ಡ್ ಯಾರ ಕಡೆ ಕೇಳಿದ್ರಿ, ಶಿವರಾಜ?"

"ಹಳೇ ಫೋನ್ ಕೊಂಡೀನಿ! ಕೊಳ್ಳೂದು ತಪ್ಪೇನ್ರಿ?"

"ತಪ್ಪಲ್ಲ. ಆದ್ರ ಈ ಗುರುತಿನ ಸಂಖ್ಯೆಯ ಫೋನು ಗುರುವಾರ ಮಧ್ಯಾಹ್ನ ಇಲ್ಲಿತ್ತು. ನೀವು ರಾಯಚೂರಿನ್ಯಾಗ ಅಂಗಡ್ಯಾಗ ಇದ್ದೆ ಅಂದ್ರಿ. ಈ ತಂಬೂರಿ ಎಂದೂ ಹೊಸ್ತಿಲಾ ದಾಟಿಲ್ಲ, ನೀವು ಎಂದೂ ಹೊಸ್ತಿಲಾ ತುಳಿದಿಲ್ಲ. ಮತ್ತ ಮಂದ್ರದ ತಂತಿ ಕಡೀಗೆ ನಡುಗ್ತದ ಅನ್ನೋದು ನಿಮಗ ಯಾರು ಹೇಳಿದ್ರು? ಈ ಫೋನ್ ಹೇಳ್ತು." ಕಲ್ಯಾಣಿ ಅದರಲ್ಲಿದ್ದ ಪಾಠವೊಂದನ್ನು ಹಚ್ಚಿದಳು. ತಂಬೂರಿಯ ಝೇಂಕಾರ ಖಾಲಿ ಮೂಲೆಯ ತನಕ ತುಂಬಿಕೊಂಡಿತು. ಅದರ ಮೇಲೆ ಜಯಾಬಾಯಿಯ ದನಿ ಬಂತು: 'ಗುರುವಾರ ಗುರುವಾರ ನಾವು ಇರೂದಿಲ್ಲ, ನಾಗವೇಣಿ. ಕೀಲಿಕೈ ತುಳಸಿಕಟ್ಟಿ ಹಿಂದ ಇಟ್ಟಿರ್ತೀನಿ. ಬಂದು ಸಾಧನಾ ಮಾಡು.'

"ಕೀಲಿ ಎಲ್ಲದ, ಮನಿ ಯಾವಾಗ ಖಾಲಿ, ತಂಬೂರಿ ಎಂಥಾದ್ದು, ಎಲ್ಲಾ ಇದರಾಗೇ ಇತ್ತು," ಎಂದಳು ಕಲ್ಯಾಣಿ.

ಶಿವರಾಜ ಮುಖ ಮುಚ್ಚಿಕೊಂಡ. "ಮಾರಾಕ ಕದ್ದಿಲ್ರಿ. ದಿನಾ ಆ ನಾದ ಕೇಳಿ ಕೇಳಿ ಹುಚ್ಚು ಹಿಡೀತು. ನನ್ನ ಅಂಗಡ್ಯಾಗ ಅದ, ಸ್ಪೀಕರ್ ಪೆಟ್ಟಿಗ್ಯಾಗ. ತಂತಿಗೆ ಏನೂ ಆಗಿಲ್ಲ."

"ಕೇಳಬೇಕಂತಿದ್ರ ಬಾಗಿಲಿಗೆ ಬರಬೇಕಾಗಿತ್ತಪ್ಪ," ಎಂದರು ಜಯಾಬಾಯಿ. "ಕೂಡಿಸಿ ಕೇಳಿಸ್ತಿದ್ದೆ."

ಶಿವರಾಜನಿಗೆ ಯಾವ ಬೈಗುಳವೂ ಅಷ್ಟು ತಾಗುತ್ತಿರಲಿಲ್ಲ. ಅವನು ಬಿಕ್ಕಿದ್ದು ಎಲ್ಲರಿಗೂ ಕೇಳಿಸಿತು. ಮುಂದಿನದನ್ನು ಠಾಣೆಯವರು ನೋಡಿಕೊಳ್ಳಲೆಂದು ದಸ್ತಗೀರ್ ಫೋನ್ ಹಚ್ಚಿದರು.

ನಾಗವೇಣಿ ಬಂದಾಗ ಪೊಲೀಸರ ಜೀಪು ಶಿವರಾಜನನ್ನು ಕರೆದುಕೊಂಡು ಹೋಗಿತ್ತು. ಆಕೆ ಹೊಸ್ತಿಲ ಆಚೆಗೇ ನಿಂತಳು. ಗುರುಪ್ರಸನ್ನ ರೂಟರಿನ ಪಾಸ್‌ವರ್ಡ್ ಬದಲಿಸುತ್ತಿದ್ದ. ಮನೆಯ ಎಲ್ಲ ಫೋನುಗಳೂ ಒಮ್ಮೆಲೇ ಹೊರಬಿದ್ದವು, ಅವನದೂ ಬಿತ್ತು. ಅವನು ಎದ್ದು ದಸ್ತಗೀರರ ಮುಂದೆ ಕೈಚಾಚಿ ನಾಗವೇಣಿಯ ಫೋನು ಇಸಿದುಕೊಂಡ. ಚಾಲೂ ಮಾಡಿ, ಹೊಸ ಪಾಸ್‌ವರ್ಡನ್ನು ತನ್ನ ಕೈಯಾರೆ ಒತ್ತಿ, ಹೊಸ್ತಿಲ ಬಳಿ ಹೋಗಿ ಕೊಟ್ಟ.

"ತಪ್ಪಾತು, ನಾಗವೇಣಿ. ಬಾ ಒಳಗ," ಎಂದ. ಕಲ್ಯಾಣಿ ವೈರಿನಿಂದ ರೂಟರಿಗೆ ಜೋಡಿಸಿದ್ದ ಲ್ಯಾಪ್‌ಟಾಪನ್ನು ದಸ್ತಗೀರರ ಕಡೆ ತಿರುಗಿಸಿದಳು. ಆ ಮನೆಯ ವೈಫೈಗೆ ಈಗ ಕೂಡಿದ್ದ ಹೆಸರು ಒಂದೇ ಒಂದು, ನಾಗವೇಣಿ.

"ತಂಬೂರಿ ಸಿಕ್ತಂತಲ್ರಿ ಬಾಯಾರ, ಯಾವಾಗ ತರ್ತಾರ್ರಿ?" ಎಂದು ಹುಡುಗಿ ಒಡಕು ದನಿಯಲ್ಲೇ ಕೇಳಿದಳು.

"ಪೊಲೀಸರಿಗೆ ಬೇಡಿಕೋತೀನಿ, ಸಂಜಿಗೆ ಅಲ್ಲೇ ರಾಯಚೂರಿನ್ಯಾಗ ಕೊಡ್ಲಿ," ಎಂದರು ಜಯಾಬಾಯಿ. "ಮಾವನವರ ಕಾಲದಿಂದ ಹೊಸ್ತಿಲಾ ದಾಟದ್ದು ಒಮ್ಮಿ ಕಳ್ಳನ ಹೆಗಲ ಮ್ಯಾಲೆ ದಾಟ್ಯದ. ಹಂಗೇ ಮನಿಗೆ ಬರಬಾರದು. ನೀ ಹಾಡಿ, ನೀನೇ ಹೊತ್ಕೊಂಡು ಬಾ. ಮೊದಲು ಒಂದಿಷ್ಟು ಬಿಸಿನೀರು ಕುಡಿ, ಗಂಟಲು ನೋಡು ಹೆಂಗಾಗ್ಯದ."

ದಸ್ತಗೀರ್ ಬೇರೆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಕಲ್ಯಾಣಿ ನೋಡಿದಳೆಂದು ಗೊತ್ತಾಗಿ, "ಧೂಳು ಬೇಟಿ, ಮಾನ್ವಿ ಧೂಳು," ಎಂದು ಗದರಿದರು. ಒಳಗೆ ನಾಗವೇಣಿ ಬಿಸಿನೀರು ಕುಡಿದು, ಸಣ್ಣಗೆ ಷಡ್ಜ ಹಿಡಿದಳು.