ಉದ್ದ ಕೋಲಿನ ಠರಾವು

ಗೋಡೆಯ ಎರಡು ಮೊಳೆಗಳ ಮೇಲೆ ಏನೂ ಇರಲಿಲ್ಲ.

ಅಂದಾನೆಪ್ಪ ಡಾಕ್ಟರು ಷೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟರು. ಹಿಂದೆ ಬಂದ ಅನ್ನಪೂರ್ಣಾ ಅವರ ಭುಜದ ಪಕ್ಕದಿಂದ ಇಣುಕಿದಳು. ಉಳಿದವರ ಚೀಲಗಳು ಮೂಲೆಯಲ್ಲಿ ಇದ್ದ ಹಾಗೇ ಇದ್ದವು. ಬೀಗ ಒಡೆದಿರಲಿಲ್ಲ. ಹೋದದ್ದು ಒಂದೇ — ಡಾಕ್ಟರ ಉದ್ದ ಪಟರ್, ಗಾಲ್ಫ್ ಚೆಂಡನ್ನು ಕುಳಿಗೆ ಉರುಳಿಸುವ ಕೋಲು.

“ಮನಿಗೆ ಒಯ್ದಿದ್ರೇನ್ರಿ?”

“ಎದಿ ಮಟ ಬರೋ ಕೋಲನ್ನ ಸ್ಕೂಟರ್ ಮ್ಯಾಲ ಹೆಂಗ ಒಯ್ಲಿ, ಬಾಯಾರ?” ಡಾಕ್ಟರು ಮೊಳೆಯನ್ನು ಮುಟ್ಟಿ ನೋಡಿದರು. “ಇವತ್ತ ಠರಾವು. ಇವತ್ತ ಕೋಲು ಇಲ್ಲ. ತಿಳೀಲಾರದಂಥಾದ್ದು ಏನೈತಿ ಇದರಾಗ?”

ಮುನವಳ್ಳಿಯ ಬಳಿ ಮಲಪ್ರಭೆಗೆ ಅಣೆಕಟ್ಟು ಕಟ್ಟುವ ಕಾಲದಲ್ಲಿ ಎಂಜಿನಿಯರುಗಳು ಕಾಲೊನಿಯ ಹಿಂದಿನ ಬೋಳು ನೆಲದಲ್ಲಿ ಒಂಬತ್ತು ಕುಳಿಗಳ ಗಾಲ್ಫ್ ಮೈದಾನ ಮಾಡಿಕೊಂಡಿದ್ದರು. ಹುಲ್ಲು ನಿಲ್ಲದ ನೆಲ. ಹಾಗಾಗಿ ಪ್ರತಿ ಕುಳಿಯ ಸುತ್ತ, ಸುಟ್ಟ ಎಣ್ಣೆ ಕಲಸಿದ ಮರಳಿನ ದುಂಡನೆಯ ಅಂಗಳ. ಅದಕ್ಕೆ ‘ಬ್ರೌನ್’ ಎನ್ನುತ್ತಿದ್ದರು. ಆಡಿ ಮುಗಿಸಿದವರು ಗೋಣಿಚೀಲ ಎಳೆದು ಅದರ ಮರಳನ್ನು ಸಮ ಮಾಡಿ ಹೋಗಬೇಕು. ಅಣೆಕಟ್ಟು ಮುಗಿಯಿತು, ಎಂಜಿನಿಯರುಗಳು ವರ್ಗವಾಗಿ ಹೋದರು, ಕ್ವಾರ್ಟರ್ಸುಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. 1998ರ ಆ ನವೆಂಬರಿಗೆ ಕ್ಲಬ್ಬಿನಲ್ಲಿ ಉಳಿದವರು ನಾಲ್ಕೇ ಸದಸ್ಯರು.

ಅನ್ನಪೂರ್ಣಾ ಸವದತ್ತಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಇಲ್ಲಿ ಮೇಸ್ತ್ರಿಯಾಗಿದ್ದ ತಂದೆಯಿಂದ ಬಂದದ್ದು ಈ ಆಟ. ಶನಿವಾರ ಪ್ರಯೋಗಾಲಯಕ್ಕೆ ಬೀಗ ಹಾಕಿದರೆ ಸೋಮವಾರದ ತನಕ ಅವಳ ಬಾಯಿಂದ ಮಾತು ಹೊರಡುತ್ತಿದ್ದದ್ದು ಈ ಮೈದಾನದಲ್ಲಿ ಮಾತ್ರ.

ಡಾಕ್ಟರದೂ ಅದೇ ಪಾಡು. ರಾಮದುರ್ಗದಲ್ಲಿ ದನಗಳ ಡಾಕ್ಟರಾಗಿ ನಿವೃತ್ತರಾದವರು. ಎರಡು ವರ್ಷಗಳ ಹಿಂದೆ ಅವರ ಬಲಗೈ ತನ್ನಷ್ಟಕ್ಕೆ ತಾನೇ ಅದುರಿ ಜಗ್ಗತೊಡಗಿತ್ತು. ಉಣ್ಣುವಾಗ ಇಲ್ಲ, ಬರೆಯುವಾಗ ಇಲ್ಲ. ಕುಳಿಯ ಹತ್ತಿರ ಚೆಂಡು ಉರುಳಿಸುವಾಗ ಮಾತ್ರ. ಮುನವಳ್ಳಿಯ ಕಂಬಾರನಿಂದ ಉದ್ದ ಪಟರ್ ಮಾಡಿಸಿಕೊಂಡರು. ಮೇಲಿನ ತುದಿಗೆ ಊರುಗೋಲಿನ ರಬ್ಬರ್ ಬಿರಡೆ. ಅದನ್ನು ಎದೆಗೆ ಒತ್ತಿ ಹಿಡಿದರೆ ಮಣಿಕಟ್ಟಿಗೆ ಕೆಲಸವೇ ಇಲ್ಲ. ಕೋಲು ಲೋಲಕದಂತೆ ತೂಗುತ್ತದೆ.

ಕ್ಲಬ್ಬಿನ ಕಾರ್ಯದರ್ಶಿ ನಿಜಗುಣಪ್ಪನವರಿಗೆ ಅದು ಸರಿಬರಲಿಲ್ಲ. ಎದೆಗೆ ಊರಿ ಹೊಡೆಯುವುದು ಹೊಡೆತವಲ್ಲ, ಯಂತ್ರ — ಇದು ಅವರ ವಾದ. ದೊಡ್ಡ ದೊಡ್ಡ ದೇಶಗಳಲ್ಲೂ ಈ ಚರ್ಚೆ ನಡೆದಿದೆ ಎನ್ನುತ್ತಿದ್ದರು. ಸೊಂಟಕ್ಕಿಂತ ಎತ್ತರದ ಪಟರ್ ಯಾರೂ ಬಳಸಕೂಡದು ಎಂಬ ಠರಾವು ಈ ಭಾನುವಾರ ಮಂಡನೆಯಾಗಬೇಕಿತ್ತು.

“ನಾ ಹೊಂಡತೇನಿ,” ಎಂದರು ಡಾಕ್ಟರು. “ಠರಾವು ಪಾಸ್ ಆಗಿದ್ರ ಸೋತೆ ಅಂತಿದ್ದೆ, ಕುಂತು ನಿಮ್ಮಾಟ ನೋಡತಿದ್ದೆ. ಕದ್ದಾರ ಅಂದ್ರ... ನಾ ಇಲ್ಲಿ ಬರೂದ ಯಾರಿಗೋ ಬ್ಯಾಡಾಗೈತಿ. ಇನ್ನ ಬರಂಗಿಲ್ಲ.”

ಅನ್ನಪೂರ್ಣಾ ಬಾಗಿಲಿಗೆ ಅಡ್ಡ ನಿಂತಳು. “ಚಹಾ ಕುಡದು ಹೋಗ್ರಿ. ಅಷ್ಟರಾಗ ಹುಡುಕತೇನಿ.”

ಮೊದಲು ಸಿಕ್ಕವನು ಮೈದಾನ ನೋಡಿಕೊಳ್ಳುವ ದುರ್ಗಪ್ಪ. ಆಗಷ್ಟೇ ಬಸ್ಸಿಳಿದು ಬಂದು ಒಲೆ ಹೊತ್ತಿಸುತ್ತಿದ್ದ.

“ಕೀಲಿಕೈ ಎಲ್ಲಿಟ್ಟಿದ್ದಿ?”

“ಎಲ್ಲಿ ಇಡ್ತೇನಿ, ಬಾಯಾರ? ಬೇವಿನ ಗಿಡದ ಬುಡಕ, ಗಡಿಗಿ ಕೆಳಗ. ಸಾವ್ಕಾರ್ರ ಡ್ರೈವರನಿಗೂ ಗೊತ್ತು.”

“ನಿನ್ನೆ?”

“ನಿನ್ನೆ ಮಧ್ಯಾಹ್ನಕ್ಕ ಹೂಲಿಗೆ ಹೋದಾಂವ ಈಗ ಬಂದೇನಿ. ಬೀಗರ ಮನ್ಯಾಗ ಹೋಳಿಗಿ ತಿಂದದ್ದು ಬಿಟ್ರ ಬ್ಯಾರೆ ತಪ್ಪು ಮಾಡಿಲ್ಲ.”

ಬೈಲಹೊಂಗಲದ ಹತ್ತಿ ವ್ಯಾಪಾರಿ ಶ್ರೀಶೈಲ ಸಾವ್ಕಾರ ಜೀಪಿನಿಂದ ಇಳಿಯುತ್ತಲೇ ಸುದ್ದಿ ಕೇಳಿ ನಕ್ಕ. ನಗು ಅರ್ಧಕ್ಕೇ ನಿಂತಿತು.

“ನನ್ನ ಯಾಕ ನೋಡ್ತೀರಿ?”

“ಆ ಕೋಲನ್ನ ಒಲಿಗೆ ಹಾಕತೇನಿ ಅಂದಾವ್ರು ಯಾರು?”

“ದಸರೆಯಿಂದ ಡಾಕ್ಟ್ರ ಮುಂದ ಸೋಲಾಕ ಹತ್ತೇನಿ. ಅಷ್ಟೂ ಅನಬಾರದೇನ್ರಿ? ನಿನ್ನೆ ನಿಮ್ಮ ಕೂಡನ ಆಡಿ, ನಿಮ್ಮ ಮುಂದನ ಜೀಪ್ ಹತ್ತೇನಿ.”

“ತಿರುಗಿ ಬಂದಿರಬಹುದು.”

“ಬರಬಹುದಿತ್ತು,” ಎಂದ ಅವನು. “ಬಂದಿಲ್ಲ.”

ನಿಜವೇ. ನಿನ್ನೆ ಸಂಜೆ ಕೊನೆಯಲ್ಲಿ ಆಡಿದವರು ಅವರಿಬ್ಬರೇ. ಚೀಲ ಇಡುವಾಗ ಕೋಲು ಮೊಳೆಗಳ ಮೇಲೆ ಇದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಆಫೀಸು ಕೋಣೆಯಲ್ಲಿ ನಿಜಗುಣಪ್ಪನವರು ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಕಿತ್ತೂರು ಕಡೆಯವರು, ನಿವೃತ್ತಿಯಾದ ಮೇಲೆ ಕಾಲೊನಿಯ ಅಂಚಿನಲ್ಲೇ ಬಾಡಿಗೆ ಮನೆ ಹಿಡಿದು ಒಬ್ಬರೇ ಇದ್ದರು. ಈಚೆಗೆ ಆಡುವುದೂ ಒಬ್ಬರೇ.

“ನಿನ್ನೆ ಸಂಜಿಕ ಎಲ್ಲಿದ್ರಿ, ಸಾಹೇಬ್ರ?”

“ಇಲ್ಲೇ. ಠರಾವು ಬರಿಯಾಕ ಹತ್ತಿದ್ದೆ.”

“ಯಾರರ ಓಡಾಡಿದ್ದು ಕಂಡ್ರೇನು?”

“ನೀವಿಬ್ರು ಹೋದ ಮ್ಯಾಲ ಹೊರಗಿನಾವ್ರು ಯಾರೂ ಬಂದಿಲ್ಲ.”

“ಕೋಲು ಇಲ್ಲದ ಠರಾವು ಹೆಂಗ?”

“ಠರಾವು ನಿಯಮದ ಮ್ಯಾಲ. ಒಬ್ಬ ಮನಷ್ಯಾನ ಮ್ಯಾಲ ಅಲ್ಲ.” ಹೀಗೆಂದವರು ಕಿಟಕಿಯ ಕಡೆಗೆ ತಿರುಗಿದರು.

ಅನ್ನಪೂರ್ಣಾ ಹೊರಬಿದ್ದಳು. ಬಿಸಿಲು ಏರುತ್ತಿತ್ತು. ಖಾಲಿ ಮನೆಗಳ ಸಾಲು, ಆಚೆ ನೀರು. ಡಾಕ್ಟರು ಹೋದರೆ ಮೂವರು. ಮೂವರಿಗೆ ಕ್ಲಬ್ಬು ಏಕೆ? ಮುಂದಿನ ಭಾನುವಾರ ಸವದತ್ತಿಯ ಕೋಣೆಯಲ್ಲಿ ತಾನು ಏನು ಮಾಡುತ್ತಿರುತ್ತೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು — ಒಗೆದ ಬಟ್ಟೆಯನ್ನೇ ಮತ್ತೊಮ್ಮೆ ಮಡಿಸುತ್ತಿರುತ್ತೇನೆ.

ಷೆಡ್ಡಿಗೆ ಹತ್ತಿರವಿರುವುದು ಒಂಬತ್ತನೆಯ ಬ್ರೌನ್. ಅದರ ಪಕ್ಕದಲ್ಲೇ ಬೆಳಗಿನಿಂದ ಎರಡು ಸಲ ಹಾದುಹೋಗಿದ್ದಳು. ಈಗ ನಿಂತಳು. ಕಪ್ಪು ಮರಳಿನ ಮೇಲೆ, ನಡುವಿನ ಕುಳಿಯಿಂದ ಹೊರಟ ಗೆರೆ ಚಕ್ಕುಲಿಯಂತೆ ಸುತ್ತಿ ಸುತ್ತಿ ಅಂಚಿಗೆ ಬಂದಿತ್ತು. ಅಂದವಾಗಿತ್ತು. ತಪ್ಪಾಗಿಯೂ ಇತ್ತು.

ಏನು ತಪ್ಪು?

ಅವಳು ಬಗ್ಗಿ ಅಂಚಿನ ಎರೆಮಣ್ಣನ್ನು ನೋಡಿದಳು. ಅಲ್ಲೊಂದು ದುಂಡನೆಯ ಗುರುತು, ರೂಪಾಯಿಗಿಂತ ತುಸು ದೊಡ್ಡದು, ಒಳಗೆ ಗೀರುಗೀರು. ರಬ್ಬರ್ ಬಿರಡೆಯದು. ಡಾಕ್ಟರು ಕೊನೆಯ ಸಲ ಆಡಿದ್ದು ಹೋದ ಭಾನುವಾರ. ಗುರುವಾರ ಜೋರು ಮಳೆ ಬಿದ್ದಿತ್ತು. ಈ ಗುರುತು ಮಳೆಯ ನಂತರದ್ದು.

ಅವಳು ತಿರುಗಿ ನಡೆದಳು, ಬಿರುಸಾಗಿ.

ಎಲ್ಲರೂ ಆಫೀಸು ಕೋಣೆಯಲ್ಲಿ ಸೇರಿದರು. ಡಾಕ್ಟರ ಕೈಯಲ್ಲಿ ಆಗಲೇ ಸ್ಕೂಟರಿನ ಕೀಲಿ. ದುರ್ಗಪ್ಪ ಚಹಾ ತಂದಿಟ್ಟು ಬಾಗಿಲ ಬಳಿ ನಿಂತ.

“ಕೋಲು ಒಯ್ದಾವ್ರು ಸೀದಾ ಮನಿಗೆ ಹೋಗಿಲ್ಲ,” ಎಂದಳು ಅನ್ನಪೂರ್ಣಾ. “ಒಂಬತ್ತನೇ ಬ್ರೌನಿನ ಮ್ಯಾಲ ಅದರಲೆ ಆಡ್ಯಾರ. ಮುಗದ ಮ್ಯಾಲ ಕೋಲನ್ನ ಅಂಚಿನಾಗ ತಲಿಕೆಳಗ ಊರಿ ನಿಲ್ಲಿಸಿ, ಗೋಣಿಚೀಲ ಎಳದು ಮರಳು ಸಮ ಮಾಡ್ಯಾರ.”

“ಹೆಜ್ಜಿ ಅಳಸಾಕ,” ಎಂದ ಶ್ರೀಶೈಲ.

“ಅಳಸಾಕ ಆಗಿದ್ರ ನಾಲ್ಕು ಸಲ ಅತ್ತಿಂದಿತ್ತ ಎಳದು ಓಡತಿದ್ರು. ನಿನ್ನೆ ಸಂಜಿಕ ನಾನು ಹೆಂಗ ಎಳದೆ, ಸಾವ್ಕಾರ್ರ?”

“ಸೀದಾ. ಈ ತುದಿಯಿಂದ ಆ ತುದಿಗೆ. ಎಲ್ಲಾರೂ ಹಂಗ ಎಳೀತೀವಿ.”

“ನಿಯಮ ಏನೈತಿ?”

ಶ್ರೀಶೈಲ ತಲೆ ಕೆರೆದುಕೊಂಡ. “ಯುಗಾದಿಗೆ ಬದಲಾತಲ್ರಿ. ಸೀದಾ ಎಳದ್ರ ಮರಳು ಒಂದ ಮಗ್ಗಲಕ ಗುಡ್ಡಿ ಬೀಳ್ತದ, ಕುಳಿಯಿಂದ ಸುತ್ತಾಕಿ ಎಳೀಬೇಕು ಅಂತ. ನಾವೆಲ್ಲ ಕೈ ಎತ್ತೇವಿ.”

“ಕೈ ಎತ್ತೇವಿ. ಸಾಹೇಬ್ರು ಕಂಡ್ರ ಸುತ್ತು ಎಳೀತೀವಿ, ಇಲ್ಲಾಂದ್ರ ಸೀದಾ. ದುರ್ಗಪ್ಪ, ನೀನು?”

“ಸೊಂಟ ನೋಯ್ತದ್ರಿ,” ಎಂದ ದುರ್ಗಪ್ಪ ನೆಲ ನೋಡುತ್ತ.

“ಇವತ್ತ ಮುಂಜಾನೆ ಅಲ್ಲಿ ಪೂರಾ ಸುತ್ತು ಐತಿ. ಕತ್ತಲಾಗಾಕ ಹತ್ತೈತಿ, ಕೈಯಾಗ ಮಂದಿ ಕೋಲು, ನೋಡಾಕ ಒಂದು ನರಪಿಳ್ಳಿ ಇಲ್ಲ. ಅಂಥಾ ಹೊತ್ತಿನ್ಯಾಗೂ ನಿಯಮ ಬಿಡದಾವ್ರು ಈ ಕ್ಲಬ್ಬಿನ್ಯಾಗ ಒಬ್ಬರ ಅದಾರ.” ಅವಳ ದನಿ ಇಳಿಯಿತು. ಸುಳ್ಳು ಹೇಳದವರಿಗೆ ಬೆಳಿಗ್ಗೆ ನೇರ ಪ್ರಶ್ನೆಯನ್ನೇ ತಾನು ಹಾಕಿರಲಿಲ್ಲ. “ಸಾಹೇಬ್ರ, ಕೋಲು ನೀವು ಒಯ್ದಿರೇನು?”

ನಿಜಗುಣಪ್ಪನವರು ತಡಮಾಡಲಿಲ್ಲ.

“ಹೌದು.”

ಡಾಕ್ಟರು ಎದ್ದು ನಿಂತರು. “ಠರಾವು ಸಾಲಲಿಲ್ಲೇನು ನಿಮಗ?”

“ಬರದು ಮುಗಿಸಿದ್ದೆ, ಡಾಕ್ಟ್ರ. ಮುಗಿಸಿ ಸಹಿ ಮಾಡಬೇಕಂದ್ರ ಮನಸು ಒಪ್ಪಲಿಲ್ಲ.” ಅವರು ಬಲಗೈಯನ್ನು ಮೇಜಿನ ಮೇಲೆ ತಂದಿಟ್ಟರು. ಅದು ಅಲುಗಾಡುತ್ತಿರಲಿಲ್ಲ. “ಈಗೇನೂ ಇಲ್ಲ. ಕುಳಿ ಮುಂದ ನಿಂತ್ರ ಮಾತ್ರ ನಿಮ್ಮ ಕೈಯಂಗ ಜಗ್ಗತೈತಿ. ಶ್ರಾವಣದಾಗ ಸುರು ಆತು. ಅದಕ್ಕ ನಾ ಒಬ್ಬನ ಆಡಾಕ ಹತ್ತಿದ್ದು. ಸೊಕ್ಕು ಅಂದ್ಕೊಂಡಿದ್ರಿ ನೀವೆಲ್ಲ.”

ಹೌದು, ಹಾಗೇ ಅಂದುಕೊಂಡಿದ್ದರು.

“ಹಿಡದ ನೋಡದ ಕೋಲನ್ನ ಬ್ಯಾಡ ಅನ್ನೂದು ಸರಿ ಅಲ್ಲ ಅನಸ್ತು. ಒಮ್ಮೆ ನೋಡಿ ಇಡತೇನಿ ಅಂತ ಒಯ್ದೆ. ಆಮ್ಯಾಲ ಮನಿಯಿಂದ ತರಾಕ ಮನಸಾಗಲಿಲ್ಲ. ಮುಂಜಾನೆ ತರಬೇಕಂದ್ರ ನೀವು ಬಾಗಲದಾಗ ನಿಂತಿದ್ರಿ. ಹೇಳಾಕ ಬಾಯಿ ಬರಲಿಲ್ಲ.” ಅವರು ಕಾಗದವನ್ನು ಮುಂದೆ ಸರಿಸಿದರು. “ಠರಾವು ಮಂಡಿಸತೇನಿ. ನಾ ಬರದದ್ದು, ನಾನ ಮಂಡಿಸಬೇಕು. ಆದ್ರ ಅದರ ಪರ ಕೈ ಎತ್ತಂಗಿಲ್ಲ.”

“ನಾನೂ ಎತ್ತಂಗಿಲ್ಲ,” ಎಂದ ಶ್ರೀಶೈಲ. “ಇನ್ನ ಇಬ್ಬರ ಕೈಲೆ ಸೋಲೂದು ಅಷ್ಟ.”

ಡಾಕ್ಟರು ನಗಲಿಲ್ಲ. ನಿಜಗುಣಪ್ಪನವರ ಕೈಯನ್ನೇ ನೋಡುತ್ತಿದ್ದರು, ಬಾಸುಂಡೆ ಬಂದ ದನದ ಮೈ ನೋಡುವ ಹಾಗೆ.

“ಎಷ್ಟು ದೂರದಿಂದ ಹೊಡದ್ರಿ?”

“ಬ್ರೌನಿನ ಅಂಚಿನಿಂದ.”

“ಬಿತ್ತೇನು?”

“ಬಿತ್ತು.” ನಿಜಗುಣಪ್ಪನವರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು. “ಮೊದಲನೇ ಹೊಡತಕ್ಕ. ಹಿಂತಿರುಗಿ ನೋಡಿದ್ರ ಯಾರೂ ಇರಲಿಲ್ಲ.”

ಡಾಕ್ಟರು ಸ್ಕೂಟರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

“ಹಂಗಾರ ಅದು ಲೆಕ್ಕಕ್ಕ ಬರಂಗಿಲ್ಲ. ಹೋಗಿ ಕೋಲು ತರ್ರಿ, ಸಾಹೇಬ್ರ. ನಾವು ಬ್ರೌನಿನ ಅಂಚಿಗೆ ನಿಂತಿರತೇವಿ.”