ಎರಡೂ ಕೈಯಲ್ಲಿ ಹಿಡಿದ ವೀಳ್ಯ

ಹೂವಯ್ಯ ವೀಳ್ಯದ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ!

ಸಾಗರದ ಸಂತೆಗೆ ಬಂದಿದ್ದ ಗುತ್ಯಮ್ಮ ಸಾಹುಕಾರ್ ಸೀತಾರಾಮಪ್ಪನವರ ಬೇಲಿಯಾಚೆ ನಿಂತುಬಿಟ್ಟಳು. ಜಗಲಿಯ ತುಂಬ ಜನ, ನಡುವೆ ಅವಳ ಸೋದರತ್ತೆಯ ಮಗ ಹೂವಯ್ಯ. ಒಳಗೆ ಮದುವೆಯ ವಯಸ್ಸಿಗೆ ಬಂದ ಸಾಹುಕಾರರ ಮಗಳು. ಆ ಸೀಮೆಯಲ್ಲಿ ಹೆಣ್ಣು-ಗಂಡಿನ ಮಾತು ಗಟ್ಟಿಯಾಗುವುದೇ ಹೀಗೆ ಎರಡೂ ಕೈಯಲ್ಲಿ ವೀಳ್ಯ ಹಿಡಿದಾಗ. ಇನ್ನು ಕೇಳುವುದೇನಿದೆ, ಕರ್ಮ!

'ಎಲೆಕ್ಷನ್ ಮುಗೀಲಿ ಗುತ್ತಿ' ಅಂತ ಎರಡು ವರ್ಷ ಕಾಯಿಸಿದನಲ್ಲ... ಇದಕ್ಕೇನಾ?

ನಾಳೆ ಹೊಸನಗರದಿಂದ ಅವಳನ್ನು ಕೇಳಲು ಗಂಡಿನ ಕಡೆಯವರು ಬರುತ್ತಾರೆ. ಅದನ್ನು ಅವನಿಗೆ ಹೇಳಲೆಂದೇ ಬಂದಿದ್ದಳು. ಈಗ ಹೇಳಿ ಏನುಪಯೋಗ? ದುಡುದುಡು ಬಸ್‌ಸ್ಟ್ಯಾಂಡಿಗೆ ನಡೆದಳು. ಕೂತಳು, ಎದ್ದಳು, ಮತ್ತೆ ಕೂತಳು. ಹಾಳಾದ ಬಸ್ಸೂ ಬರಲಿಲ್ಲ.

"ಗುತ್ತೀ!" ಹೂವಯ್ಯ ಏದುಸಿರು ಬಿಡುತ್ತ ಬಂದ. "ಬೇಲಿ ಹತ್ರ ಕಂಡೆ. ಕರೆದ್ರೂ ನಿಲ್ದೆ ಬಂದ್ಯಲ್ಲೇ!"

"ಮದ್ವೆ ಯಾವಾಗ, ಭಾವ?"

"ಯಾರ್ದು?"

"ಇನ್ಯಾರ್ದು! ವೀಳ್ಯ ತಗಂಡಿದ್ದು ಕಣ್ಣಾರೆ ನೋಡ್ದೆ."

ನಗಲು ಹೋದವನು ಅವಳ ಕಣ್ಣು ನೋಡಿ ಹತ್ತಿರ ಬಂದ.

"ಹುಚ್ಚಿ, ಅದು ತಾಲ್ಲೂಕು ಬೋರ್ಡಿನ ಮಾತುಕತೆ. ನಮ್ಮ ಗುಡಿಸಲು ಗುರ್ತಿನ ಪಾರ್ಟಿಗೂ ಬಹುಮತ ಇಲ್ಲ, ಸಾಹುಕಾರ್ರ ಜೋಡೆತ್ತಿನ ಪಾರ್ಟಿಗೂ ಇಲ್ಲ. ಸೇರಿ ಬೋರ್ಡು ನಡ್ಸಣ ಅಂತ ಒಪ್ಪಂದ ಆತು, ಅದಕ್ಕೇ ಆ ವೀಳ್ಯ."

ಗುತ್ಯಮ್ಮನಿಗೆ ಒಂದು ಉರಿ ಆರಿ ಇನ್ನೊಂದು ಹತ್ತಿತು.

"ನಮ್ಮ ಗದ್ದೆ ಬಿಡ್ಸಾಕೆ ದಾವೆ ಹಾಕಿದೋರ ಜೊತೆನಾ? ಮೈಕ್ ಹಿಡ್ದು ಅವ್ರನ್ನ ಬೈದೋನು ನೀನೇ ಅಲ್ವಾ? ಅಧ್ಯಕ್ಷನ ಕುರ್ಚಿ ಅಷ್ಟು ರುಚಿನಾ?"

"ಕುರ್ಚಿ ಅವ್ರಿಗೇ ಬಿಟ್ಟೆ."

"ಆಂ?"

"ನಮ್ಮೋರು ನನ್ನ ಹೆಸ್ರೇ ಹೇಳಿದ್ರು. ನಾನೇ ಬ್ಯಾಡ ಅಂದೆ. 'ಅಧ್ಯಕ್ಷಗಿರಿ ನಿಮಗಿರ್ಲಿ, ಗೇಣಿದಾರ್ರ ಮೇಲಿನ ದಾವೆ ಎಲ್ಲ ವಾಪಸ್ ತಗಳ್ಳಿ' ಅಂತ ಸಾಹುಕಾರ್ರಿಗೆ ಹೇಳ್ದೆ. ಎಲ್ಲರ ಎದುರು ಒಪ್ಪಿದ್ರು. ಆಮೇಲೇ ವೀಳ್ಯಕ್ಕೆ ಕೈ ಒಡ್ಡಿದ್ದು. ಮಾವನ ಗದ್ದೆ ಉಳೀತು ಗುತ್ತಿ."

ಅಯ್ಯೋ, ಎಂಥಾ ಮಾತಾಡಿಬಿಟ್ಟೆ! ಅವನ ಮೇಲೆ ಪ್ರೀತಿ ಉಕ್ಕಿ ಬಂತು, ಜೊತೆಗೇ ನಾಳೆಯ ಭಯವೂ.

"ನಾಳೆ ಹೊಸನಗರದೋರು ನಮ್ಮನೆಗೆ ವೀಳ್ಯ ತರ್ತಾರೆ, ಭಾವ. ಅಪ್ಪ ತಗಂಡ್ರೆ ಮುಗೀತು."

ಹೂವಯ್ಯನ ಮುಖ ಬಾಡಿತು. ಅಷ್ಟರಲ್ಲಿ ಬಸ್ಸು ಬಂದು ಹಾರ್ನ್ ಹೊಡೆಯಿತು.

"ಎಷ್ಟೊತ್ತಿಗೆ ಬರ್ತಾರೆ?"

"ಹತ್ತಕ್ಕೆ."

"ಏಳಕ್ಕೇ ಅವ್ವನ್ನ ಕರ್ಕಂಡು ನಾನೇ ವೀಳ್ಯ ತರ್ತೀನಿ! ಆದ್ರೆ... ಕುರ್ಚಿ ಇಲ್ದೋನಿಗೆ ಮಾವ ಒಪ್ತಾನಾ?"

"ಗದ್ದೆ ಸುದ್ದಿ ಕೇಳಿದ್ರೆ ಅಪ್ಪ ಕರಗ್ತಾನೆ. ನಮ್ಮವ್ವನ ಓಟಂತೂ ಮೊದ್ಲಿಂದ ನಿಂಗೇ."

"ನಿಂದು?"

ಗುತ್ಯಮ್ಮ ಬಸ್ಸಿನ ಮೆಟ್ಟಿಲು ಹತ್ತಿ ತಿರುಗಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ನಂದು ಎರಡು ವರ್ಷದ ಹಿಂದೇ ಹಾಕಾಗೈತೆ ಭಾವ... ಎಣಿಸಾಕೆ ನೀನೇ ತಡ ಮಾಡ್ದೆ!"