ಮಸಿ ಹಿಡಿಯದ ಒಲೆ

“ಇನ್ನೊಂದ್ಸಲ ಉಜ್ಜು. ತನಿಖೆಗೆ ಬರೋರ ಮುಖ ಅದರಲ್ಲಿ ಕಾಣಬೇಕು,” ಎಂದಳು ನಾದಿನಿ.

ಸೊಸೆ ಚಿಂದಿಬಟ್ಟೆಗೆ ಬೂದಿ ಹಚ್ಚಿಕೊಂಡು ಕಬ್ಬಿಣದ ಒಲೆಯ ಮುಂದೆ ಕುಳಿತಳು. ಗಡಿಯ ಊರಿನಲ್ಲಿ ಗುಂಡಿನ ಕಾಳಗ ಹತ್ತಿಕೊಂಡಾಗ ಅತ್ತೆಯ ಕೈ ಹಿಡಿದು ಓಡಿಬಂದವಳು ಅವಳು. ಸೇರಿದ್ದು ಗಂಡನ ಅಕ್ಕನಾದ ಈ ನಾದಿನಿಯ ಮನೆಯ ಹಿಂಬದಿಯ ಸಾಮಾನು ಕೋಣೆಯನ್ನು. ಹೀಗೆ ನೆಂಟರಲ್ಲಿ ತಂಗಿದ ನಿರಾಶ್ರಿತರಿಗೆ ಸರ್ಕಾರವು ಒಂದು ಒಲೆ, ಸೌದೆ, ತಿಂಗಳ ಧಾನ್ಯ ಕೊಡುತ್ತಿತ್ತು. ಅವರು ಬೇರೆ ಒಲೆ ಹೂಡಿ ತಮ್ಮ ಅಡುಗೆ ತಾವೇ ಮಾಡಿಕೊಳ್ಳಬೇಕು, ಅಷ್ಟೇ ಕಟ್ಟಳೆ. ಆದರೆ ಒಲೆ ಬಂದ ದಿನವೇ ಅಟ್ಟ ಏರಿತು, ಧಾನ್ಯ ನಾದಿನಿಯ ಡಬ್ಬಿಗಳಿಗೆ ಇಳಿಯಿತು. ಸೊಸೆಯ ಪಾಲಿಗೆ ಉಳಿದದ್ದು ಆ ಮನೆಯ ಮುಸುರೆ, ಆ ಮನೆಯ ಬಟ್ಟೆ, ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಯ ತಳ. ಹಾಸಿಗೆ ಹೊಲಿದು ಊರಿಗೆಲ್ಲ ನಿದ್ದೆ ಕೊಟ್ಟ ಕೈ ಅವಳದು. ಈಗ ಅವಳೇ ಗೋಣಿಯ ಮೇಲೆ ಮಲಗುತ್ತಿದ್ದಳು.

ಬಿಟ್ಟು ಹೋಗಬಾರದಿತ್ತೇ ಎನ್ನುವವರುಂಟು. ಹೋಗುವುದೆಲ್ಲಿಗೆ? “ನೀವು ಅಕ್ಕನ ಮನೇಲಿರಿ, ಅಂಗಡಿಗೆ ಬೀಗ ಹಾಕಿ ಅಲ್ಲಿಗೇ ಬರ್ತೀನಿ,” ಎಂದು ದಾರಿಯಿಂದಲೇ ಊರಿಗೆ ಹಿಂದಿರುಗಿದ ಗಂಡನ ಸುದ್ದಿಯೇ ಇರಲಿಲ್ಲ. ಅವನಿಗೆ ತಿಳಿದಿದ್ದ ಬಾಗಿಲು ಇದೊಂದೇ. ಅದನ್ನು ನಾದಿನಿಯೂ ಬಲ್ಲಳು. “ಹೊಸಿಲು ದಾಟಿ ನೋಡು... ನನ್ನ ತಮ್ಮ ಬಂದಾಗ, ನಿನ್ನ ಹೆಂಡತಿ ಯಾರ ಹಿಂದೆಯೋ ಹೋದಳಪ್ಪ ಅಂತೀನಿ,” ಎಂದು ಆಗಾಗ ನೆನಪಿಸುತ್ತಿದ್ದಳು.

ತನಿಖೆಗೆ ಬಂದವರು ಮಂಡಿನೋವಿನ ಹಿರಿಯ ಅಧಿಕಾರಿ. ನಾದಿನಿ ಒಲೆಯ ಮೇಲಿನ ಬಟ್ಟೆ ಸರಿಸಿ, “ನೋಡಿ ಸರ್, ನಮ್ಮ ತಮ್ಮನ ಹೆಂಡತಿ ಬಹಳ ಚೊಕ್ಕಟ,” ಎಂದಳು.

ಅವರು ಒಲೆಯ ಹೊಟ್ಟೆಯೊಳಗೆ ಬೆರಳಾಡಿಸಿದರು. ಬೆರಳು ಹೋದಂತೆಯೇ ಹೊರಬಂತು.

“ನನ್ನ ಹೆಂಡತೀನೂ ಚೊಕ್ಕಟಾನೇ ಕಣಮ್ಮ. ಆದರೂ ನಮ್ಮನೆ ಒಲೆಗೆ ಕೈ ಹಾಕಿದರೆ ಮೊಣಕೈವರೆಗೂ ಕಪ್ಪು. ಇದೇನು ಒಲೆಯೋ, ಮದುವಣಗಿತ್ತಿಯೋ?”

ಅಧಿಕಾರಿ ಸೊಸೆಯ ಕಡೆ ತಿರುಗಿದರು. “ನೀನು ಹೇಳು ತಾಯಿ. ಇದರಲ್ಲಿ ಅಡುಗೆ ಮಾಡ್ತೀಯಾ? ಇಲ್ಲ ಅನ್ನು, ಈ ಮನೆಗೆ ಬರೋ ಧಾನ್ಯ ಇವತ್ತೇ ನಿಲ್ಲುತ್ತೆ. ನಿನ್ನನ್ನ ಆಚೆ ಊರಿನ ಶಿಬಿರಕ್ಕೆ ಕಳಿಸ್ತೀನಿ. ನಿನ್ನದೇ ಒಂದು ಕೋಣೆ, ಯಾರ ಹಂಗೂ ಇಲ್ಲ.”

“ನಮ್ಮ ಅತ್ತೆ?”

“ಮಗಳ ಮನೆ ಇರೋರಿಗೆ ಅಲ್ಲಿ ಜಾಗ ಇಲ್ಲಮ್ಮ.”

“ಮತ್ತೆ... ಯಾರಾದರೂ ನನ್ನ ಹುಡುಕ್ಕೊಂಡು ಇಲ್ಲಿಗೆ ಬಂದರೆ?”

“ಇವರೇ ಹೇಳಿ ಕಳಿಸಬೇಕು.”

ಸೊಸೆ ನಾದಿನಿಯ ಮುಖ ನೋಡಿದಳು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ಅದರ ಮೂಲೆಯಲ್ಲಿ ತನ್ನದೇ ಸೂಜಿ, ತನ್ನದೇ ಅರಳೆ... ಕಣ್ಣೆದುರಿಗೆ ಬಂದದ್ದನ್ನೆಲ್ಲ ಉಗುಳಿನೊಡನೆ ನುಂಗಿದಳು.

“ಮಾಡ್ತೀನಿ ಸರ್. ದಿನಾ ಉಜ್ಜಿಡ್ತೀನಿ, ಅದಕ್ಕೆ.”

ಅಧಿಕಾರಿ ಮಸಿಯಿಲ್ಲದ ತಮ್ಮ ಬೆರಳನ್ನು ನೋಡಿಕೊಂಡರು. “ಆಗಲಿ. ಮುಂದಿನ ಸಲ ನನ್ನ ಕೈ ಕಪ್ಪಾಗಬೇಕು,” ಎಂದು ಮಂಡಿ ಹಿಡಿದುಕೊಂಡು ಎದ್ದರು.

ಅವರು ಮರೆಯಾಗುತ್ತಲೇ ನಾದಿನಿ ಒಲೆಯನ್ನೆತ್ತಿ ಅಟ್ಟದ ಕಡೆ ನಡೆದಳು.

“ಇಡು ಕೆಳಗೆ.”

ಈ ಮನೆಗೆ ಬಂದಂದಿನಿಂದ ಮಗಳೆದುರು ತುಟಿ ಬಿಚ್ಚದ ಅತ್ತೆಯ ದನಿ ಅದು.

“ಅಮ್ಮ, ನಿನಗಿದೆಲ್ಲ ಯಾಕೆ? ನಿನಗೇನು ಕಡಿಮೆ ಮಾಡಿದೀನಿ ನಾನು?”

“ನನಗೇನೂ ಕಡಿಮೆ ಮಾಡಿಲ್ಲ. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡು ಉಂಡೆ. ಇವಳು ಸುಳ್ಳಾಡಿ ನಿನ್ನ ಮಾನ ಉಳಿಸಿದಳು. ಆ ಸುಳ್ಳನ್ನ ನಿಜ ಮಾಡೋದು ನನ್ನ ಪಾಲಿಗಿರಲಿ. ಇವತ್ತಿಂದ ನಾನು ಇವಳ ಒಲೆಯವಳು. ಧಾನ್ಯ ತಂದಿಡು.”

ನಾದಿನಿ ಒಲೆಯನ್ನು ಕೆಳಗಿಟ್ಟು, ಧಾನ್ಯದ ಡಬ್ಬಿಯನ್ನು ತಂದು ಕೋಣೆಯ ಹೊರಗೆ ಕುಕ್ಕಿ ಹೋದಳು. ಮಾತು ಬಿಟ್ಟಳು, ಮನೆ ಬಿಡಿಸಲಿಲ್ಲ. ಮುದುಕಿ ಊದಿದಳು, ಕೆಮ್ಮಿದಳು, ಮತ್ತೆ ಊದಿದಳು. ಕಿಟಕಿಯಿಲ್ಲದ ಆ ಕೋಣೆ ಹೊಗೆಯಿಂದ ತುಂಬಿತು. ಸೊಸೆ ಎದ್ದು ಬಾಗಿಲು ತೆರೆದಳು. ಅಂಗಳದಾಚೆ ಬೀದಿ ಕಾಣುತ್ತಿತ್ತು, ಬೀದಿಯಲ್ಲಿ ಯಾರೂ ಇರಲಿಲ್ಲ.

ಹೊಗೆ ತಗ್ಗಿದ ಮೇಲೆ ಅತ್ತೆ, “ಬಾಗಿಲು ಹಾಕಮ್ಮ, ಗಾಳಿ ತಣ್ಣಗಿದೆ,” ಎಂದಳು.

“ಇರಲಿ ಬಿಡಿ ಅತ್ತೆ, ತೆಗೆದೇ ಇರಲಿ,” ಎಂದ ಸೊಸೆ ಬೀದಿಯತ್ತ ಇನ್ನೊಮ್ಮೆ ನೋಡಿ, ಎಸರಿಗೆ ಮೂವರಿಗಾಗುವಷ್ಟು ಧಾನ್ಯ ಸುರಿದಳು.